ಬೂಸಾದಿಂದ ಪಾಡ್‌ಕಾಸ್ಟ್‌ವರೆಗೆ: ಬಿಚ್ಚು ಮಾತು ನಡೆದು ಬಂದ ದಾರಿ

ದಾವಣಗೆರೆಯಲ್ಲಿ ನಾನು ಸಂಜೆ ಹೋಗುವ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯವರು ಬಾಣಲೆ ಪಕ್ಕದ ಎಣ್ಣೆ ಡಬ್ಬಕ್ಕೆ ಮೊಬೈಲ್ ಒರಗಿಸಿ ಇಟ್ಟಿರುತ್ತಾರೆ. ಮೊದಲೆಲ್ಲ ಅದರಲ್ಲಿ ಹಳೇ ಹಾಡು ಬರುತ್ತಿತ್ತು. ಈಗ ಪಾಡ್‌ಕಾಸ್ಟ್ ಬರುತ್ತದೆ, ಇಬ್ಬರು ಎದುರುಬದುರು ಕೂತು, ಮುಂದೆ ದೊಡ್ಡ ಮೈಕ್ ಇಟ್ಟುಕೊಂಡು ಮಾತಾಡುತ್ತಿರುತ್ತಾರೆ. ಒಂದಿನ ಹಳೇ ರಾಜಕಾರಣಿ, ಇನ್ನೊಂದಿನ ಯಾರೋ ಸ್ವಾಮೀಜಿ, ಮತ್ತೊಂದಿನ ಸಾಲದಲ್ಲಿ ಮುಳುಗಿ ಎದ್ದು ಬಂದ ನಟ.

“ಇದೆಷ್ಟು ಹೊತ್ತಿಂದು ಅಣ್ಣ?” ಅಂತ ಕೇಳಿದೆ.

“ಎರಡೂವರೆ ತಾಸೈತಿ. ಅಂಗಡಿ ಮುಚ್ಚೋದ್ರೊಳಗೆ ಮುಗೀತೈತಿ ಬಿಡ್ರಿ.”

ಹದಿನೈದು ಸೆಕೆಂಡಿನ ರೀಲ್ಸ್ ಕಾಲದಲ್ಲಿ ಎರಡೂವರೆ ತಾಸಿನ ಮಾತು! ಇದು ಹೊಸ ಚಟ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಾಜಕೀಯ, ಧರ್ಮ, ಸಾಹಿತ್ಯ, ಮನೆ ಕಷ್ಟ ಎಲ್ಲವನ್ನೂ ನಾಲ್ಕು ಜನರ ಮುಂದೆ ಬಿಚ್ಚಿಡುವ ಅಭ್ಯಾಸ ನಮ್ಮ ಕಡೆ ಹಳೇದು. ಆಗ ಅದಕ್ಕೆ ಸ್ಟುಡಿಯೋ ಇರಲಿಲ್ಲ, ಅಷ್ಟೇ. ಇನ್ನೊಂದು ವ್ಯತ್ಯಾಸವೂ ಇತ್ತು. ಆಡಿದ ಮಾತಿಗೆ ಆಡಿದವರೇ ಬೆಲೆ ಕಟ್ಟಬೇಕಿತ್ತು.

ಟಾಕ್ ಶೋ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಮೆರಿಕದಿಂದ ಶುರು ಮಾಡುತ್ತಾರೆ. 1967ರ ನವೆಂಬರ್‌ನಲ್ಲಿ ಒಹಾಯೋ ರಾಜ್ಯದ ಡೇಟನ್ ಎಂಬ ಊರಲ್ಲಿ ಫಿಲ್ ಡೊನಾಹ್ಯೂ ತಮ್ಮ ಕಾರ್ಯಕ್ರಮ ಆರಂಭಿಸಿದರು. ಮೊದಲ ಅತಿಥಿ ಮ್ಯಾಡಲಿನ್ ಮರ್ರೆ ಓಹೇರ್, ದೇವರಿಲ್ಲ ಅಂತ ಬಹಿರಂಗವಾಗಿ ಹೇಳುತ್ತಿದ್ದ ಹೆಂಗಸು. ಡೊನಾಹ್ಯೂ ಮೈಕ್ ಹಿಡಿದು ಪ್ರೇಕ್ಷಕರ ನಡುವೆ ಓಡಾಡಿ, ಕೂತವರಿಂದಲೇ ಪ್ರಶ್ನೆ ಕೇಳಿಸುವುದನ್ನು ರೂಢಿಗೆ ತಂದರು. 1986ರಿಂದ 2011ರವರೆಗೆ ದೇಶದ ತುಂಬ ಪ್ರಸಾರವಾದ ಓಪ್ರಾ ವಿನ್‌ಫ್ರೇ ಶೋ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಅತಿಥಿಗಳಷ್ಟೇ ಅಲ್ಲ, ನಡೆಸಿಕೊಡುವವರೂ ತಮ್ಮ ನೋವು ಹೇಳಿಕೊಂಡರು.

ಅದೇ 1967ರಲ್ಲಿ ನಮ್ಮ ಕಡೆಯವರೊಬ್ಬರು ಏನು ಮಾಡಿದರು ಗೊತ್ತಾ? ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಗೆದ್ದು ಲೋಕಸಭೆಗೆ ಹೋಗಿ, ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು. ಅಲ್ಲಿವರೆಗೆ ಆ ಸದನದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಮುಂದೆ 1996ರಿಂದ 1999ರವರೆಗೆ ಮುಖ್ಯಮಂತ್ರಿ ಆದಾಗಲೂ ಅವರ ನಾಲಿಗೆ ಹಾಗೇ ಇತ್ತು. ಖಾಸಗಿ ಬದುಕಿನ ಬಗ್ಗೆ ಪತ್ರಕರ್ತರು ಕೆಣಕಿದರೆ ನುಣುಚಿಕೊಳ್ಳದೆ, ನಗಿಸಿಕೊಂಡೇ ಉತ್ತರ ಕೊಡುತ್ತಿದ್ದರು. 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆಯನ್ನು ಬಿಡಿಸಿ ಬೇರೆ ಜಿಲ್ಲೆ ಮಾಡಿದ್ದೂ ಅವರ ಸರ್ಕಾರವೇ. ಆದರೆ ಇಲ್ಲಿನ ಹಿರಿಯರು ಪಟೇಲರ ಸುದ್ದಿ ತೆಗೆದರೆ ಜಿಲ್ಲೆಗಿಂತ ಮೊದಲು ಅವರ ಮಾತೇ ನೆನಪಾಗುತ್ತದೆ.

ಪಟೇಲರ ನೇರ ಮಾತನ್ನು ಜನ ನಕ್ಕು ಒಪ್ಪಿಕೊಂಡರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರದ್ದು ಬೇರೆಯೇ ಕಥೆ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ, ತಲೆ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟ ದಲಿತ ನಾಯಕ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದುಬಿಟ್ಟರು. ಅಷ್ಟೇ ನೋಡಿ. ರಾಜ್ಯದ ತುಂಬ ಗಲಾಟೆ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ, ಕೊನೆಗೆ ಮಂತ್ರಿಗಿರಿಯೇ ಹೋಯಿತು. (ನಮ್ಮ ಕಡೆ ಎಮ್ಮೆ ಕಟ್ಟಿದವರನ್ನು ಕೇಳಿ, ಬೂಸಾ ಇಲ್ಲದೆ ಹಾಲೆಲ್ಲಿ ಬರುತ್ತದೆ ಅನ್ನುತ್ತಾರೆ. ಆದರೆ ಆಗ ಅದು ಬೈಗುಳವಾಗಿ ಉಳಿಯಿತು.)

ಆ ಒಂದು ಮಾತು ಸುಮ್ನೆ ಹೋಗಲಿಲ್ಲ. ಬೂಸಾ ಗಲಾಟೆಯಲ್ಲಿ ಒಂದಾದ ಯುವಕರೇ ಮುಂದೆ ದಲಿತ ಚಳವಳಿಗೆ ಜೀವ ತುಂಬಿದರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಮುಂದಿದ್ದವರು ಪ್ರೊ. ಬಿ. ಕೃಷ್ಣಪ್ಪ. ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಅವರೂ ಹರಿಹರದವರೇ! ಒಂದೇ ಊರಿನ ಇಬ್ಬರು. ಒಬ್ಬರು ಮಾತಾಡಿ ಕುರ್ಚಿ ಕಳೆದುಕೊಂಡರು, ಇನ್ನೊಬ್ಬರು ಆ ಮಾತಿನ ಬಿಸಿಯಲ್ಲಿ ಸಂಘಟನೆ ಕಟ್ಟಿದರು. ಇವತ್ತು ಅದೇ ಮಾತನ್ನು ಯಾರಾದರೂ ಪಾಡ್‌ಕಾಸ್ಟ್‌ನಲ್ಲಿ ಆಡಿದ್ದರೆ ಮೂರು ದಿನ ಟ್ರೋಲ್ ಆಗಿ, ನಾಲ್ಕನೇ ದಿನ ಇನ್ನೊಂದು ಸಂದರ್ಶನಕ್ಕೆ ಕರೆ ಬರುತ್ತಿತ್ತೇನೋ.

ಧರ್ಮದ ವಿಷಯಕ್ಕೆ ಬಂದರೆ ನಮ್ಮಲ್ಲಿ ಪ್ರಶ್ನೋತ್ತರದ ಬೇರು ಇನ್ನೂ ಆಳದಲ್ಲಿದೆ. 15ನೇ ಶತಮಾನದ ಶೂನ್ಯಸಂಪಾದನೆಯನ್ನೇ ತೆಗೆದುಕೊಳ್ಳಿ, ಇಡೀ ಕೃತಿ ವಚನಗಳನ್ನು ಪೋಣಿಸಿದ ಸಂಭಾಷಣೆ. ಅದರಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಕೇಳುವ ಪ್ರಶ್ನೆಗಳಷ್ಟು ಖಡಕ್ ಸಂದರ್ಶನ ನಾನು ಯಾವ ಚಾನೆಲ್‌ನಲ್ಲೂ ನೋಡಿಲ್ಲ. ಎಲ್ಲ ಬಿಟ್ಟು ಬಂದೆ ಅನ್ನುವವಳು ಕೂದಲಿನಿಂದ ಮೈ ಯಾಕೆ ಮುಚ್ಚಿಕೊಂಡೆ ಅಂತ ತುಂಬಿದ ಸಭೆಯಲ್ಲಿ ಕೇಳುತ್ತಾರೆ. ಹಣ್ಣು ಒಳಗೆ ಮಾಗದೆ ಹೊರಗಿನ ಸಿಪ್ಪೆ ಬಣ್ಣಗೆಡುವುದಿಲ್ಲ, ಮುಚ್ಚಿದ್ದು ನೋಡುವ ನಿಮಗೆ ನೋವಾಗಬಾರದು ಅಂತ, ಎನ್ನುವ ಅರ್ಥದಲ್ಲಿ ಅಕ್ಕ ಉತ್ತರ ಕೊಡುತ್ತಾಳೆ. ಕೇಳಿದವರು ಕೊನೆಗೆ ಕೈ ಮುಗಿಯುತ್ತಾರೆ. ಈಗಿನ ನಿರೂಪಕರು ಅತಿಥಿ ಬಾಯಿ ತೆರೆಯುವ ಮೊದಲೇ ಕೈ ಮುಗಿದಿರುತ್ತಾರೆ ಅನ್ನುವುದು ನನ್ನ ತಕರಾರು.

ಹಳೇ ಪುಸ್ತಕ ಬಿಡಿ, ಸಿರಿಗೆರೆಗೆ ಯಾವುದಾದರೂ ಸೋಮವಾರ ಹೋಗಿ ನೋಡಿ. ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಗಂಡ-ಹೆಂಡತಿ ಜಗಳ, ಅಣ್ಣ-ತಮ್ಮಂದಿರ ಹೊಲದ ತಕರಾರು, ಎಲ್ಲವೂ ಬರುತ್ತವೆ. ಎರಡೂ ಕಡೆಯವರು ಎದುರಿಗೇ ನಿಂತು ಹೇಳಿಕೊಳ್ಳುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಶ್ರೀಗಳು 2019ರ ಆಗಸ್ಟ್‌ನಲ್ಲಿ ‘ಮತ್ತೆ ಕಲ್ಯಾಣ’ ಅಂತ ರಾಜ್ಯ ಸುತ್ತಿದಾಗ ದಿನವೂ ವಿದ್ಯಾರ್ಥಿಗಳ ಜತೆ ಸಂವಾದ ಇಟ್ಟಿದ್ದರು. ಕಾಲೇಜು ಹುಡುಗರು ಜಾತಿ, ದೇವರು, ಮಠಗಳ ಬಗ್ಗೆಯೇ ಸ್ವಾಮೀಜಿಗೆ ಪ್ರಶ್ನೆ ಹಾಕುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಟಿವಿ ಬಂದ ಮೇಲೆ ಈ ಮಾತುಗಳು ಮೆಲ್ಲಗೆ ಕಟ್ಟೆಯಿಂದ ಪರದೆಗೆ ಹೋದವು. ಕೇಬಲ್ ಬಂದು 1994ರಲ್ಲಿ ಉದಯ ಟಿವಿ ಶುರುವಾಯಿತು, ಅದರ ‘ಹರಟೆ’ ಮನೆಮಂದಿಯನ್ನೆಲ್ಲ ಕೂರಿಸಿ ನಗಿಸಿತು. ಹಿಂದಿಯಲ್ಲಿ 1993ರಲ್ಲೇ ರಜತ್ ಶರ್ಮಾ ರಾಜಕಾರಣಿಗಳನ್ನು ಕಟಕಟೆಯಲ್ಲಿ ಕೂರಿಸಿ ಪ್ರಶ್ನೆ ಮಾಡಲು ಆರಂಭಿಸಿದ್ದರು. ಆಮೇಲೆ ಜೀ ಕನ್ನಡದಲ್ಲಿ ‘ಬದುಕು ಜಟಕಾಬಂಡಿ’ಯಂಥ ಕಾರ್ಯಕ್ರಮ ಬಂದು, ಸಂಸಾರದ ಜಗಳ ಕ್ಯಾಮೆರಾ ಮುಂದೆ ಕೂತಿತು. ಸಿರಿಗೆರೆಯಲ್ಲಿ ನಡೆಯುವುದೂ ಇದೇ ಅಲ್ಲವಾ ಅಂತ ಕೇಳಬಹುದು. ಅಲ್ಲ. ಅಲ್ಲಿ ಕೇಳುವವರು ಅದೇ ಸೀಮೆಯವರು, ತೀರ್ಮಾನ ಆದಮೇಲೂ ಇಬ್ಬರೂ ಅವರ ಮಧ್ಯೆಯೇ ಬದುಕಬೇಕು. ಟಿವಿಯಲ್ಲಿ ಅತ್ತವರನ್ನು ಕಾರ್ಯಕ್ರಮ ಮುಗಿದ ಮೇಲೆ ಕೇಳುವವರು ಯಾರು?

2014ರಲ್ಲಿ ಶುರುವಾದ ‘ವೀಕೆಂಡ್ ವಿತ್ ರಮೇಶ್’ ಬೇರೆ ಥರ. ಸಾಧಕರನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿ, ಶಾಲೆ ಮೇಷ್ಟ್ರು, ಬಾಲ್ಯದ ಗೆಳೆಯ, ಕಷ್ಟಕ್ಕಾದ ನೆಂಟರು ಎಲ್ಲರನ್ನೂ ಕರೆತಂದರು. ಬಿದ್ದು ಎದ್ದವರ ಕಥೆಗೆ ಕನ್ನಡದಲ್ಲಿ ಒಂದು ಅಚ್ಚು ಸಿಕ್ಕಿದ್ದು ಅಲ್ಲೇ ಅಂತ ನನ್ನ ಲೆಕ್ಕ. ಆ ಅಚ್ಚನ್ನು ಆಮೇಲೆ ಬಂದವರು ಅರ್ಧ ಮಾತ್ರ ಎತ್ತಿಕೊಂಡರು. ಈಗಿನ ಎಷ್ಟೋ ಸಂದರ್ಶನಗಳಲ್ಲಿ “ಒಬ್ಬನೇ ಹೋರಾಡಿದೆ” ಅನ್ನುವುದಷ್ಟೇ ಉಳಿದಿದೆ. ಬಳೆ ಅಡ ಇಟ್ಟ ಅಕ್ಕ, ಬಾಡಿಗೆ ಕೇಳದೆ ಆರು ತಿಂಗಳು ಸುಮ್ಮನಿದ್ದ ಮನೆ ಯಜಮಾನ ಇವರ್‍ಯಾರೂ ಬರುವುದಿಲ್ಲ. ಚಿತ್ರದುರ್ಗದ ಕಡೆ ಮಳೆ ಕೈಕೊಟ್ಟ ವರ್ಷಗಳನ್ನು ದಾಟಿದವರನ್ನು ಮಾತಾಡಿಸಿ ನೋಡಿ, ಮೊದಲು ಸಾಲ ಕೊಟ್ಟವರ ಹೆಸರು ಹೇಳಿ ಆಮೇಲೆ ತಮ್ಮ ಕಥೆಗೆ ಬರುತ್ತಾರೆ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅಲ್ಲಿಂದ ಮುಂದಿನದು ನಿಮಗೇ ಗೊತ್ತು. ಚಾನೆಲ್ಲಿನ ಅರ್ಧ ಗಂಟೆ ಲೆಕ್ಕ ತಪ್ಪಿತು, ಅತಿಥಿ ತಡವರಿಸಿದರೂ, ನಡುವೆ ಸುಮ್ಮನಾದರೂ ಅದನ್ನೂ ಬಿಡಬಹುದು ಅಂತಾಯಿತು. ಇದು ನನಗೆ ನಿಜವಾಗಿ ಇಷ್ಟ. ಕಟ್ಟೆ ಮೇಲೆ ಕೂತವರು ಮಾತಾಡುವುದೂ ಹಾಗೆಯೇ ತಾನೆ? ಕಿರಿಕಿರಿ ಶುರುವಾಗುವುದು ಅದೇ ಎರಡೂವರೆ ತಾಸಿನಿಂದ ನಲವತ್ತು ಸೆಕೆಂಡು ಕತ್ತರಿಸಿ, ಕೆಳಗೆ ಕೆಂಪಕ್ಷರ ಹಾಕಿ, ಮನೆಯ ಗುಂಪುಗಳಿಗೆಲ್ಲ ಕಳಿಸಿದಾಗ. ಬಸವಲಿಂಗಪ್ಪನವರ ಇಡೀ ಭಾಷಣದಿಂದ ಉಳಿದದ್ದು ‘ಬೂಸಾ’ ಅನ್ನುವ ಒಂದೇ ಪದ. ಆಗ ಕತ್ತರಿ ಪತ್ರಿಕೆಗಳ ತಲೆಬರಹದಲ್ಲಿತ್ತು, ಈಗ ಎಲ್ಲರ ಬೆರಳಲ್ಲಿದೆ.

ಮೊನ್ನೆ ಅಂಗಡಿಯಲ್ಲಿ ಒಬ್ಬ ಹುಡುಗ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡೇ, “ಅಣ್ಣಾ, ಇವ್ರು ದೇವ್ರು ಇಲ್ಲ ಅಂದ್ರಂತೆ, ನೋಡ್ರಿ ಇಲ್ಲಿ” ಅಂತ ತನ್ನ ಮೊಬೈಲ್ ತೋರಿಸಿದ. ಎಣ್ಣೆ ಡಬ್ಬದ ಮೇಲಿದ್ದವರೇ ಅಲ್ಲೂ ಇದ್ದರು. ಅಂಗಡಿಯವರು ಜಾಲರಿ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ತಮ್ಮ ಮೊಬೈಲಿನಲ್ಲಿ ಮಾತನ್ನು ಹತ್ತು ನಿಮಿಷ ಹಿಂದಕ್ಕೆ ಎಳೆದರು.

“ಇಲ್ಲಿಂದ ಕೇಳು,” ಅಂದರು. “ಅಷ್ಟೊತ್ತಿಗೆ ನಿನ್ ಮೆಣಸಿನಕಾಯಿ ಆಕ್ತಾವೆ.”