ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿವೆಯೇ?

ಪ್ರಶ್ನೆ: ನಮ್ಮ ಅಜ್ಜಿಯ ತಾತ ಐರ್ಲೆಂಡಿನಿಂದ ಬಂದ ಸೈನಿಕ. 1860ರ ದಶಕದಲ್ಲಿ ಬೆಂಗಳೂರಿನ ದಂಡಿನಲ್ಲಿದ್ದರು. ಅವರ ಹೆಂಡತಿ ಸ್ಕಾಟ್ಲೆಂಡಿನವರೆಂದು ಮನೆಯಲ್ಲಿ ಹೇಳುತ್ತಿದ್ದರು. ಐರ್ಲೆಂಡಿನ ಹಳೆಯ ದಾಖಲೆಗಳೆಲ್ಲ ಬೆಂಕಿಗೆ ಆಹುತಿಯಾದವಂತೆ. ಈಗ ಹುಡುಕಿ ಪ್ರಯೋಜನವಿದೆಯೇ?

ಖಂಡಿತ ಇದೆ. ಐರಿಷ್ ಮೂಲವನ್ನು ಹುಡುಕಹೊರಟವರು ಮೊದಲು ಕೇಳುವ ಪ್ರಶ್ನೆಯೇ ಇದು. ಆ ಬೆಂಕಿಯ ಮಾತು ಕೇಳಿ ಹೊಸ್ತಿಲಿನಿಂದಲೇ ಹಿಂದಿರುಗಿದವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಬೆಂಕಿ ಬಿದ್ದದ್ದು ನಿಜ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ದಾಖಲೆ ಭಂಡಾರ ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಪುಸ್ತಕಗಳು, ಪ್ರಾಟೆಸ್ಟೆಂಟ್ ಪಂಥದ ಚರ್ಚ್ ಆಫ್ ಐರ್ಲೆಂಡ್‌ನ ಅರ್ಧಕ್ಕೂ ಹೆಚ್ಚು ರಿಜಿಸ್ಟರ್‌ಗಳು, ರಾಶಿ ರಾಶಿ ಉಯಿಲುಗಳು ಬೂದಿಯಾದವು. ಆದರೆ ಎಲ್ಲ ನಷ್ಟವನ್ನೂ ಬೆಂಕಿಯ ತಲೆಗೆ ಕಟ್ಟುವಂತಿಲ್ಲ. 1861 ಮತ್ತು 1871ರ ಗಣತಿಯ ಹಾಳೆಗಳನ್ನು ಸರ್ಕಾರವೇ ನಾಶಮಾಡಿತ್ತು. 1881 ಮತ್ತು 1891ರವು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಕರಗಿದವು. ಇಡಿಯಾಗಿ ಉಳಿದಿರುವ ಹಳೆಯ ಗಣತಿಗಳೆಂದರೆ 1901 ಮತ್ತು 1911ರವು. ಎರಡನ್ನೂ ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಸಂಸ್ಥೆ ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿದೆ.

ಹಾಗೆಂದು ಇವತ್ತೇ ಐರ್ಲೆಂಡಿನಲ್ಲಿ ಹುಡುಕತೊಡಗಬೇಡಿ. ಜಾನ್ ಮರ್ಫಿ ಎಂಬ ಹೆಸರೊಂದನ್ನೇ ಹಿಡಿದು ಹೊರಟರೆ ನೂರಾರು ಜಾನ್ ಮರ್ಫಿಗಳು ಎದುರಾಗುತ್ತಾರೆ. ನಿಮಗೆ ಮೊದಲು ಬೇಕಾಗಿರುವುದು ಊರಿನ ಹೆಸರು, ಅದು ಸಿಗುವುದು ಸೈನ್ಯದ ಕಾಗದದಲ್ಲಿ. ಬೆಂಗಳೂರಿನ ದಂಡು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕಕ್ಕೆ ಸೇರಿತ್ತು. ಇಲ್ಲಿನ ಚರ್ಚುಗಳಲ್ಲಿ ನಡೆದ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಮಗುವಿನ ಜ್ಞಾನಸ್ನಾನದ ಸಾಲಿನಲ್ಲಿ ತಂದೆಯ ಉದ್ಯೋಗವನ್ನೂ ಬರೆಯುತ್ತಿದ್ದರು. ಸೈನಿಕನಾದರೆ ಅವನ ದರ್ಜೆ, ರೆಜಿಮೆಂಟ್ ಅಲ್ಲಿ ಸಿಗುತ್ತವೆ.

ರೆಜಿಮೆಂಟ್ ತಿಳಿದರೆ ಮುಂದಿನ ಬಾಗಿಲು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರ. ಬ್ರಿಟಿಷ್ ಸೈನ್ಯದಿಂದ ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದಗಳು ಅಲ್ಲಿವೆ. ಆ ಅಚ್ಚಾದ ನಮೂನೆಯ ಆರಂಭದಲ್ಲೇ ಮೂರು ಖಾಲಿ ಜಾಗಗಳಿರುತ್ತವೆ: ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಹತ್ತಿರದ ಪಟ್ಟಣ, ಕೌಂಟಿ (ನಮ್ಮ ಜಿಲ್ಲೆಯಂಥದು). ಗುಮಾಸ್ತನ ಓರೆ ಅಕ್ಷರದಲ್ಲಿ ತುಂಬಿದ ಆ ಮೂರು ಹೆಸರುಗಳಿಗಾಗಿ ಇಷ್ಟೆಲ್ಲ ಓಡಾಟ. ಕೆಳಗೆ ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣವನ್ನೂ ಬರೆದಿರುತ್ತಾರೆ. ಫೋಟೋ ಇಲ್ಲದ ಮನೆಗೆ ಅದು ದೊಡ್ಡ ಆಸ್ತಿ. ಸೇವೆಯಲ್ಲಿರುವಾಗಲೇ ತೀರಿಕೊಂಡವರಿಗೆ ಈ ಕಾಗದ ಇರುವುದಿಲ್ಲ. ಆಗ ರೆಜಿಮೆಂಟಿನ ಹಾಜರಿ ಪಟ್ಟಿಗಳೇ ಗತಿ.

ಪ್ಯಾರಿಷ್ ಗೊತ್ತಾದ ಮೇಲೆ ಐರ್ಲೆಂಡಿಗೆ ಹೋಗಿ. ತಾತ ಕ್ಯಾಥೊಲಿಕ್ ಆಗಿದ್ದರೆ ಅದೃಷ್ಟ, ಏಕೆಂದರೆ ಆ ರಿಜಿಸ್ಟರ್‌ಗಳು ಡಬ್ಲಿನ್‌ನ ಭಂಡಾರಕ್ಕೆ ಹೋಗಿರಲೇ ಇಲ್ಲ, ಪಾದ್ರಿಗಳ ಬಳಿಯೇ ಇದ್ದವು. ಅವುಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಹಲವು ಪುಸ್ತಕಗಳು ಲ್ಯಾಟಿನ್‌ನಲ್ಲಿವೆ: ವಿಲಿಯಂ ಅಲ್ಲಿ ಗುಲಿಯೆಲ್ಮಸ್, ಜೇಮ್ಸ್ ಯಾಕೋಬಸ್. ತಾತನ ತಂದೆ ಯಾವ ನೆಲ ಉಳುತ್ತಿದ್ದರೆಂದು ತಿಳಿಯಲು 1847ರಿಂದ 1864ರವರೆಗೆ ಪ್ರಕಟವಾದ ಗ್ರಿಫಿತ್ ಮೌಲ್ಯಮಾಪನ ಎಂಬ ಆಸ್ತಿ ತೆರಿಗೆಯ ಪಟ್ಟಿ ನೋಡಿ. ಪಹಣಿ ಓದಿ ಅಭ್ಯಾಸವಿದ್ದರೆ ಇದು ಕೂಡಲೇ ಅರ್ಥವಾಗುತ್ತದೆ: ಅನುಭವದಲ್ಲಿರುವವರು ಯಾರು, ಯಾರಿಂದ ಗೇಣಿಗೆ ಪಡೆದದ್ದು, ವಿಸ್ತೀರ್ಣ ಎಷ್ಟು, ತೆರಿಗೆಗೆ ಕಟ್ಟಿದ ಬೆಲೆ ಎಷ್ಟು. ಅದರಲ್ಲಿ ಟೌನ್‌ಲ್ಯಾಂಡ್‌ನ ಹೆಸರೂ ಇರುತ್ತದೆ. ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ, ಪ್ಯಾರಿಷ್‌ಗಿಂತ ಚಿಕ್ಕದಾದ ನೆಲದ ವಿಭಾಗ. ಐರಿಷ್ ಸಂಸಾರದ ನಿಜವಾದ ವಿಳಾಸ ಅದೇ.

ಸುಟ್ಟ ಗಣತಿಯೂ ಪೂರ್ತಿ ಮೌನವಾಗಿಲ್ಲ. 1909ರಲ್ಲಿ ವೃದ್ಧಾಪ್ಯ ಪಿಂಚಣಿ ಶುರುವಾದಾಗ 70 ವರ್ಷ ತುಂಬಿದೆ ಎಂದು ತೋರಿಸಬೇಕಿತ್ತು. ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ, ಆ ಮುದುಕರ ಬಳಿ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಅವರು ತಂದೆತಾಯಿಯ ಹೆಸರು, ಟೌನ್‌ಲ್ಯಾಂಡ್ ಬರೆದು ಅರ್ಜಿ ಹಾಕಿದರು. ಸಿಬ್ಬಂದಿ 1841 ಮತ್ತು 1851ರ ಗಣತಿಯಲ್ಲಿ ಆ ಮನೆಯನ್ನು ಹುಡುಕಿ, ಸಿಕ್ಕದ್ದನ್ನು ಅದೇ ನಮೂನೆಯ ಮೇಲೆ ಬರೆದರು. ಮೂಲ ಪುಸ್ತಕ ಸುಟ್ಟರೂ ಈ ನಮೂನೆಗಳು ಉಳಿದಿವೆ. ನಿಮ್ಮ ತಾತ ಬೆಂಗಳೂರಿನಲ್ಲಿದ್ದರೇನು, ಊರಲ್ಲೇ ಉಳಿದ ಅವರ ತಮ್ಮನೋ ತಂಗಿಯೋ ಅರ್ಜಿ ಹಾಕಿದ್ದರೆ ತಂದೆತಾಯಿಯ ಹೆಸರು ಅಲ್ಲಿರುತ್ತದೆ.

ಇನ್ನು ಸ್ಕಾಟ್ಲೆಂಡಿನ ಅಜ್ಜಿ. ಈ ಹುಡುಕಾಟ ಬಹಳ ಸುಲಭ, ಏಕೆಂದರೆ ಅಲ್ಲಿ 1855ರಿಂದ ಮರಣದ ದಾಖಲೆಯಲ್ಲಿ ಕೂಡ ತೀರಿಕೊಂಡವರ ತಂದೆಯ ಹೆಸರು, ತಾಯಿಯ ತವರು ಮನೆತನದ ಹೆಸರು ಬರೆಯುವ ಪದ್ಧತಿಯಿತ್ತು. ಅದಕ್ಕೂ ಹಿಂದಿನ ಪ್ಯಾರಿಷ್ ರಿಜಿಸ್ಟರ್‌ಗಳಲ್ಲಿ ಅತಿ ಹಳೆಯದು 1553ರದು. ಎಲ್ಲವೂ ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಎಂಬ ಸರ್ಕಾರಿ ಜಾಲತಾಣದಲ್ಲಿವೆ; ದಾಖಲೆಯ ಚಿತ್ರಕ್ಕೆ ಸ್ವಲ್ಪ ಹಣ ಕೊಡಬೇಕು. ಮಕ್ಕಳ ಹೆಸರುಗಳನ್ನೂ ಗಮನಿಸಿ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು ಇಡುವುದು ಅಲ್ಲಿನ ಅನೇಕ ಮನೆಗಳ ರೂಢಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವಂತೆಯೇ. ಇದು ಸಾಕ್ಷಿಯಲ್ಲ, ಸುಳಿವು ಮಾತ್ರ.

ಆ ಅಜ್ಜಿ ಭಾರತದಲ್ಲೇ ತೀರಿಕೊಂಡಿದ್ದರೆ ಅವರ ಮರಣದ ದಾಖಲೆ ಸಾಮಾನ್ಯವಾಗಿ ಸ್ಕಾಟ್ಲೆಂಡಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಮೊದಲು ಅವರ ಮದುವೆಯ ದಾಖಲೆಯಲ್ಲಿ ತವರಿನ ಹೆಸರು, ತಂದೆಯ ಹೆಸರು ಇವೆಯೇ ನೋಡಿ. ಆಮೇಲೆ ಅಲ್ಲೇ ಉಳಿದ ಅವರ ಅಣ್ಣನದೋ ಅಕ್ಕನದೋ ಮರಣದ ದಾಖಲೆ ತೆಗೆಸಿ. ಒಡಹುಟ್ಟಿದವರಾದ ಕಾರಣ, ಅವರ ತಾಯಿಯ ಹೆಸರೇ ಇವರ ತಾಯಿಯದೂ.