ಚಂದಮಾಮದ ಮಾಂತ್ರಿಕರನ್ನು ಬರೆದವರು ಯಾರು?

ಬಳ್ಳಾರಿಯಲ್ಲಿ ನನ್ನ ವಯಸ್ಸಿನ ನಾಲ್ಕು ಮಂದಿ ಸೇರಿದರೆ ಈ ವಾದ ಬಂದೇ ಬರುತ್ತದೆ. ಮಕ್ಕಳ ಮಾಸಪತ್ರಿಕೆ ಚಂದಮಾಮದಲ್ಲಿ ಬರುತ್ತಿದ್ದ ಮಾಂತ್ರಿಕರ ಧಾರಾವಾಹಿಗಳನ್ನು ಬರೆದವರು ಯಾರು? ಒಬ್ಬರು ಚಕ್ರಪಾಣಿ ಅನ್ನುತ್ತಾರೆ. ಇನ್ನೊಬ್ಬರು ಕೊಡವಟಿಗಂಟಿ ಕುಟುಂಬರಾವ್ ಅನ್ನುತ್ತಾರೆ. ಮತ್ತೊಬ್ಬರು, ಅವೆಲ್ಲ ಅಜ್ಜಿ ಕಥೆ ಬಿಡ್ರಿ, ಬರೆದವರು ಯಾರೂ ಇಲ್ಲ ಅಂತ ಸುಮ್ನೆ ಮುಗಿಸಿಬಿಡುತ್ತಾರೆ.

ಬರೆದವರು ಇದ್ದರು. ಚಂದಮಾಮದ ಕಚೇರಿಯಲ್ಲೇ ಇದ್ದ ತೆಲುಗು ಲೇಖಕ ದಾಸರಿ ಸುಬ್ರಹ್ಮಣ್ಯಂ.

ಪತ್ರಿಕೆ ಹುಟ್ಟಿದ್ದು 1947ರ ಜುಲೈನಲ್ಲಿ, ಮದ್ರಾಸಿನಲ್ಲಿ. ಶುರು ಮಾಡಿದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಮೊದಲು ತೆಲುಗು, ತಮಿಳು. ಒಂದೆರಡು ವರ್ಷದಲ್ಲಿ ಕನ್ನಡಕ್ಕೂ ಬಂತು. ಕುಟುಂಬರಾವ್ ಸಂಪಾದಕರಾಗಿ 1980ರವರೆಗೆ ಪ್ರತಿ ಸಾಲನ್ನೂ ತಿದ್ದಿದವರು. ಹಾಗಾಗಿ ಅವರ ಹೆಸರು ಬಾಯಿಗೆ ಬರುವುದು ಸಹಜ.

1953ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ರಾಯದುರ್ಗ ಆಂಧ್ರದ ಕಡೆ ಹೋದವು. ಮರುವರ್ಷ ದಾಸರಿಯವರ ಮೊದಲ ಧಾರಾವಾಹಿ 'ತೋಕಚುಕ್ಕ' ಶುರುವಾಯಿತು. ಆಮೇಲೆ ಸುಮಾರು ಕಾಲು ಶತಮಾನ, ಒಟ್ಟು ಹನ್ನೆರಡು.

ನನಗೆ ಸಿಕ್ಕಿದ್ದು ಎಪ್ಪತ್ತರ ದಶಕದವು. ನಮ್ಮ ಮನೆಗೆ ಕನ್ನಡದ್ದು ಬರುತ್ತಿತ್ತು, ಪಕ್ಕದ ಮನೆಯ ಅತ್ತೆಗೆ ತೆಲುಗಿನದು. ಎರಡನ್ನೂ ಕಟ್ಟೆ ಮೇಲೆ ಹರಡಿಕೊಂಡು ಕೂರುತ್ತಿದ್ದೆವು. ಚಿತ್ರ ಒಂದೇ, ಅಕ್ಷರ ಬೇರೆ. ಇಬ್ಬರು ಗೆಳೆಯರು ಕಾಡು ಹೊಕ್ಕರೆ ಸಾಕು, ಎಲ್ಲಿಂದಲೋ ಒಬ್ಬ ಮಾಂತ್ರಿಕ ಬರುತ್ತಿದ್ದ. ಅವನು ಪೂರ್ತಿ ಕೆಟ್ಟವನೂ ಅಲ್ಲ, ನಂಬುವ ಹಾಗೂ ಇಲ್ಲ. ಸರಿಯಾಗಿ ಪ್ರಾಣಕ್ಕೆ ಬಂದಾಗ 'ಇನ್ನೂ ಇದೆ'. ಒಂದು ತಿಂಗಳು ಕಾಯಬೇಕು! ಬಳ್ಳಾರಿ ಗುಡ್ಡದ ಕೋಟೆ ನೋಡಿದಾಗಲೆಲ್ಲ ಅದರೊಳಗೂ ಒಬ್ಬ ಮಾಂತ್ರಿಕ ಇದ್ದಾನೆ ಅಂತಲೇ ನಮ್ಮ ಲೆಕ್ಕ.

ಆ ಚಿತ್ರಗಳ ಮೂಲೆಯಲ್ಲಿ 'ಚಿತ್ರಾ' ಅಂತ ಸಹಿ ಇರುತ್ತಿತ್ತು. ಬೇತಾಳನ ಚಿತ್ರಕ್ಕೆ ಶಂಕರ್ ಸಹಿ. ಹಾಗಾಗಿ ಕಲಾವಿದರು ನಮಗೆ ಗೊತ್ತು. ಧಾರಾವಾಹಿಗೆ ಮಾತ್ರ ಬರೆದವರ ಹೆಸರೇ ಇರುತ್ತಿರಲಿಲ್ಲ. ಕಚೇರಿಯಲ್ಲಿ ಕೂತು ಬರೆದದ್ದು ಪತ್ರಿಕೆಯದ್ದು ಅನ್ನುವ ರೂಢಿ ಆಗ ಎಷ್ಟೋ ಕಡೆ ಇತ್ತು, ಯಾರಿಗೂ ಅದು ತಪ್ಪು ಅನಿಸಿರಲಿಕ್ಕಿಲ್ಲ. ಆದರೆ ಬ್ರಶ್ಶಿಗೆ ಇದ್ದ ಜಾಗ ಪೆನ್ನಿಗೆ ಇರಲಿಲ್ಲ ಅಂದರೆ ಸ್ವಲ್ಪ ವಿಚಿತ್ರ, ಅಲ್ವಾ? ಇನ್ನು ಅದನ್ನು ಕನ್ನಡಕ್ಕೆ ತಂದವರನ್ನು ನಾವು ಕೇಳಿದ್ದೂ ಇಲ್ಲ.

1998ರಲ್ಲಿ ಪತ್ರಿಕೆ ನಿಂತಿತು, ಮರುವರ್ಷ ಎದ್ದಿತು, 2007ರಲ್ಲಿ ಮುಂಬೈ ಕಂಪನಿಯೊಂದರ ಕೈಗೆ ಹೋಯಿತು, ಆಮೇಲೆ ಮುಚ್ಚಿತು. ಅಷ್ಟರಲ್ಲಿ ನಮ್ಮ ಹಳೇ ಸಂಚಿಕೆಗಳು ರದ್ದಿಗೆ ಹೋಗಿ ಮಿರ್ಚಿ ಕಟ್ಟುವ ಕಾಗದ ಆಗಿದ್ದವು. ತೆಲುಗು ಓದುಗರು ಹಟ ಹಿಡಿದು ಹುಡುಕಿದ್ದರಿಂದ ದಾಸರಿಯವರ ಹೆಸರು ಹೊರಗೆ ಬಂತು. 2010ರಲ್ಲಿ ಅವರು ತೀರಿಕೊಂಡರು. ಧಾರಾವಾಹಿಗಳು ತೆಲುಗಿನಲ್ಲಿ ಪುಸ್ತಕವಾಗಿ ಬಂದವು, ಈಗ ಅವುಗಳ ಮೇಲೆ ಅವರ ಹೆಸರಿದೆ.

ನನ್ನ ಹತ್ತಿರ ಒಂದೇ ಒಂದು ಬೈಂಡ್ ಉಳಿದಿದೆ, ರಟ್ಟು ಕಿತ್ತುಹೋಗಿದೆ. ಹೋದ ವಾರ ಧಾರಾವಾಹಿಯ ತಲೆಬರಹದ ಕೆಳಗೆ ಪೆನ್ನಿನಿಂದ ಅವರ ಹೆಸರು ಬರೆದೆ. ತೆಲುಗಿನಲ್ಲಿ ಬರೆಯಲೋ, ಕನ್ನಡದಲ್ಲೋ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಕನ್ನಡದಲ್ಲೇ ಬರೆದೆ.