ಘಾಟಿಗೆ ಕ್ಯಾರವಾನ್ ಕಟ್ಟುವ ಮುನ್ನ ಮೂಕಿ ತೂಗಿ

ಕ್ಯಾರವಾನ್ ಟ್ರೈಲರ್ ಎಳೆಯಲು ಎಸ್‌ಯುವಿ ಹುಡುಕುವವರು ಮೊದಲು ಕೇಳುವುದು ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಎಷ್ಟು ಅಂತ. ಫಾರ್ಚುನರ್ 2.8 ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ, ಸ್ಕಾರ್ಪಿಯೋ-ಎನ್ ಡೀಸೆಲ್‌ನಲ್ಲಿ ಗರಿಷ್ಠ 400. ಒಂದು ಟನ್ನಿನ ಆಸುಪಾಸಿನ ಟ್ರೈಲರನ್ನು ಆಗುಂಬೆಯ 14 ತಿರುವು ಹತ್ತಿಸಲು ಇವೆರಡರಲ್ಲಿ ಯಾವುದಕ್ಕೂ ಎಂಜಿನ್ ಸಾಲದೆ ಬರುವುದಿಲ್ಲ. ಸಾಲದೆ ಬರುವುದು ಗಾಡಿ ಬೆನ್ನ ಮೇಲೆ ಹೊರುವ ತಾಕತ್ತು, ಇಳಿಜಾರಿನಲ್ಲಿ ತಡೆಯುವ ತಾಕತ್ತು.

ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಹೇರಿದರೆ ಮೂಕಿ (ನೊಗ ಕಟ್ಟುವ ಉದ್ದ ಮರ) ಏಳುತ್ತದೆ, ಮುಂದೆ ಹೇರಿದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಟ್ರೈಲರಿನ ಮುಂಚಾಚನ್ನೂ ಮೂಕಿ ಎನ್ನೋಣ, ಅದರ ಲೆಕ್ಕವೂ ಅದೇ. ಒಟ್ಟು ತೂಕದಲ್ಲಿ ಶೇ. 10ರಿಂದ 15 ಹಿಚ್ (ಗಾಡಿಯ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರಬೇಕು, ಇದೇ ಮೂಕಿ ಭಾರ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲ ಬೀಸತೊಡಗುತ್ತದೆ.

ಸಾಮಾನು ತುಂಬಿದ ಟ್ರೈಲರ್ 1,200 ಕೆ.ಜಿ. ಎಂದುಕೊಳ್ಳಿ, ಮೂಕಿ ಭಾರ ಸುಮಾರು 145. ಐದು ಜನ 340, ಡಿಕ್ಕಿಯ ಸಾಮಾನು 100, ಹಿಚ್ ಬ್ರ್ಯಾಕೆಟ್ 25. ಒಟ್ಟು 610. ಗಾಡಿ ಹೊರಬಹುದಾದ ಗರಿಷ್ಠ ಭಾರ, ಅಂದರೆ ಪೇಲೋಡ್, 600 ಇದ್ದರೆ ಹೊರಡುವ ಮೊದಲೇ ಮಿತಿ ದಾಟಿತು! ಇನ್ನೊಂದು ಲೆಕ್ಕವೂ ಇದೆ: ಹಿಂದಿನ ಆಕ್ಸಲ್‌ನಿಂದ ಹಿಚ್ 1.1 ಮೀಟರ್ ಆಚೆಗಿದ್ದು ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2.75 ಮೀಟರ್ ಇದ್ದರೆ, ಆ 145 ಕೆ.ಜಿ. ಮುಂದಿನ ಚಕ್ರಗಳಿಂದ 58 ಕೆ.ಜಿ. ಎತ್ತಿಬಿಡುತ್ತದೆ. ಜಿಟಿಜಿಟಿ ಮಳೆಯಲ್ಲಿ ಸ್ಟಿಯರಿಂಗ್ ಹಗುರವಾಗುವುದು ಇದರಿಂದಲೇ. ಹಾಗಾಗಿ ಉದ್ದ ವೀಲ್‌ಬೇಸ್, ಗಿಡ್ಡ ಹಿಂಭಾಗ, ಲ್ಯಾಡರ್ ಚಾಸಿ (ಏಣಿಯಾಕಾರದ ಉಕ್ಕಿನ ಚೌಕಟ್ಟು) ಇರುವ ಗಾಡಿಯನ್ನೇ ನೋಡಿ. ಬ್ರ್ಯಾಕೆಟ್ ಚಾಸಿಗೇ ಬೋಲ್ಟ್ ಆಗಿರಬೇಕು, ಬಂಪರಿಗಲ್ಲ. ಎಳೆಯುವ ಮಿತಿಯನ್ನು ಇಲ್ಲಿನ ಮ್ಯಾನ್ಯುಯಲ್‌ನಲ್ಲಿಯೇ ಓದಿ. ವಿದೇಶಿ ವಿಡಿಯೋದ ಅಂಕಿ ಇಲ್ಲಿನ ಮಾಡೆಲ್‌ಗೆ ಹೊಂದಬೇಕೆಂದಿಲ್ಲ.

ಮೂಕಿ ಭಾರವನ್ನು ಅಂದಾಜಿಗೆ ಬಿಡಬೇಡಿ. ನೀರು, ಗ್ಯಾಸ್ ತುಂಬಿಸಿ ಮೊದಲು ಇಡೀ ಟ್ರೈಲರನ್ನು ವೇ ಬ್ರಿಡ್ಜ್‌ನಲ್ಲಿ ತೂಗಿಸಿ. ಆಮೇಲೆ ಅಡಿಕೆ ಚೀಲ ತೂಗುವ ತಕ್ಕಡಿ ಮೇಲೆ ಮರದ ದಿಮ್ಮಿ ಇಟ್ಟು, ಗಾಡಿಗೆ ಕಟ್ಟಿದಾಗಿನ ಎತ್ತರಕ್ಕೇ ಮೂಕಿ ಕೂರಿಸಿ. ಚಕ್ರಗಳಿಗೆ ಕಲ್ಲು ಕೊಡಲು ಮರೆಯಬೇಡಿ.

ಘಾಟಿ ಇಳಿಯುವಾಗ ಗೇರನ್ನು ತಿರುವಿಗೆ ಮೊದಲೇ ಎರಡಕ್ಕೆ ಇಳಿಸಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ, ತಕ್ಷಣ ಕಾಲು ತೆಗೆಯಿರಿ. ಸುಮ್ಮನೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಆಯಿಲ್ ಕುದಿಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ತಡೆಯುತ್ತದೆ, ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಟ್ರೈಲರ್‌ಗೂ ಅದರದ್ದೇ ಬ್ರೇಕ್ ಇರಲಿ. ಮುಂದಕ್ಕೆ ತಳ್ಳಿದಾಗ ತಾನೇ ಹಿಡಿಯುವ ಬ್ರೇಕ್, ಎಂಜಿನ್ ಹಿಡಿತದಲ್ಲಿ ಇಳಿಯುವಾಗಲೂ ಉಜ್ಜುತ್ತಲೇ ಇದ್ದು ಬಿಸಿಯೇರುತ್ತದೆ. ಘಾಟಿಗೆ ಚಾಲಕನ ಕೈಲಿ ಕಂಟ್ರೋಲರ್ ಇರುವ ಎಲೆಕ್ಟ್ರಿಕ್ ಬ್ರೇಕ್ ಮೇಲು.

ಆಗುಂಬೆ ಘಾಟಿಯ ಬುಡದ ಸೋಮೇಶ್ವರ ತಲುಪಿದೊಡನೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಬೇಡಿ. ಎರಡು ಕಿ.ಮೀ. ಸಮತಟ್ಟು ರಸ್ತೆಯಲ್ಲಿ ಮೆಲ್ಲಗೆ ಓಡಿಸಿ, ನಿಂತ ಮೇಲೆ ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿದು ಶಾಖ ನೋಡಿ. ಟ್ರೈಲರ್‌ನ ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಬಿಚ್ಚಿ ನೋಡದೆ ಮುಂದೆ ಹೋಗಬೇಡಿ.